ಜಾರಿದ್ದೆಲ್ಲ ಬಾಳುವುದಿಲ್ಲ

ಸಿರುಗುಪ್ಪದ ರೈಸ್ ಮಿಲ್ಲುಗಳಲ್ಲಿ ಬೇರಿಂಗು ವರ್ಷಗಟ್ಟಲೆ ತಡೆಯುತ್ತದೆ, ಬೆಲ್ಟು ಒಂದು ಹಂಗಾಮು ದಾಟುತ್ತದೆ. ಭತ್ತದ ಸಿಪ್ಪೆ ಸುಲಿಯುವ ಜೋಡಿ ರಬ್ಬರ್ ರೋಲು ಮಾತ್ರ ಸುಗ್ಗಿಯ ಭರಾಟೆಯಲ್ಲಿ ದಿನಗಳ ಲೆಕ್ಕದಲ್ಲಿ ಮುಗಿದುಹೋಗುತ್ತದೆ. ಲೋಹದ ಡ್ರಮ್ಮಿನ ಮೇಲೆ ಅಂಟಿಸಿ, ಗಂಧಕ ಸೇರಿಸಿ ಬೇಯಿಸಿದ ದಪ್ಪನೆ ರಬ್ಬರ್ ಪದರ ಅದು. ಗಾಳಿಗೆ ತೂರಿದರೆ ಹಾರುವ ಹೊಟ್ಟು ಇಷ್ಟು ಗಟ್ಟಿಮುಟ್ಟಾದ ಪದರವನ್ನು ತಿಂದುಹಾಕುತ್ತದೆ ಎಂದರೆ ನಂಬುವುದು ಕಷ್ಟ. ಹೇಗೆ ತಿನ್ನುತ್ತದೆ ಎಂದು ಹುಡುಕುತ್ತ ಹೋದರೆ, ಇಡೀ ಬಳ್ಳಾರಿ ಸೀಮೆಯ ಯಂತ್ರಗಳ ಆಯಸ್ಸಿನ ಗುಟ್ಟು ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲು ಮಿಲ್ಲಿನೊಳಗೆ ಹೋಗೋಣ. ತುಂಗಭದ್ರಾ ಬಲದಂಡೆಯ ಕೆಳಮಟ್ಟದ ಕಾಲುವೆಯ ನೀರುಂಡು ಬೆಳೆದ ಸೋನಾ ಮಸೂರಿ ಜರಡಿ ದಾಟಿ, ಕಲ್ಲು ಆರಿಸುವ ಯಂತ್ರ ದಾಟಿ ಶೆಲ್ಲರ್‌ಗೆ ಇಳಿಯುತ್ತದೆ. ಅಲ್ಲಿ ಎರಡು ರೋಲುಗಳು ಎದುರುಬದುರಾಗಿ ತಿರುಗುತ್ತಿರುತ್ತವೆ. ನಡುವಿನ ಸಂದು ಭತ್ತದ ಕಾಳಿನ ದಪ್ಪಕ್ಕಿಂತ ಚಿಕ್ಕದು. ಒಂದು ರೋಲು ಇನ್ನೊಂದಕ್ಕಿಂತ ಸುಮಾರು ಕಾಲು ಭಾಗ ಹೆಚ್ಚು ವೇಗವಾಗಿ ಓಡುತ್ತದೆ. ಸಂದಿಗೆ ಸಿಕ್ಕ ಕಾಳಿನ ಒಂದು ಮಗ್ಗುಲನ್ನು ವೇಗದ ರೋಲು ಮುಂದಕ್ಕೆ ಎಳೆಯುತ್ತದೆ, ಇನ್ನೊಂದು ಮಗ್ಗುಲನ್ನು ನಿಧಾನದ ರೋಲು ಹಿಡಿದು ನಿಲ್ಲಿಸುತ್ತದೆ. ಆ ಜಗ್ಗಾಟದಲ್ಲಿ ಸಿಪ್ಪೆ ಹರಿದು ಅಕ್ಕಿ ಹೊರಬೀಳುತ್ತದೆ. ಹೊಂದಾಣಿಕೆ ಸರಿಯಿದ್ದರೆ ಒಂದೇ ಸಲಕ್ಕೆ ನೂರಕ್ಕೆ 85ರಿಂದ 90 ಕಾಳು ಸುಲಿದು ಬರುತ್ತವೆ. ಉಳಿದವು ಸೆಪರೇಟರ್‌ನಲ್ಲಿ ಬೇರೆಯಾಗಿ ಮತ್ತೆ ಶೆಲ್ಲರ್‌ಗೆ ಮರಳುತ್ತವೆ.

ಇಲ್ಲಿ ಬೇಕಾದದ್ದು ಜಾರುವ ಮೈಯಲ್ಲ, ಹಿಡಿಯುವ ಮೈ. ಘರ್ಷಣೆ ಹೆಚ್ಚಿರಬೇಕು, ಸವೆತ ಕಡಿಮೆಯಿರಬೇಕು. ಘರ್ಷಣೆ ಕಡಿಮೆಯಾದರೆ ಸವೆತವೂ ತಾನೇ ಕಡಿಮೆಯಾಗುತ್ತದೆ ಎಂದು ನಮ್ಮಲ್ಲಿ ಬಹಳ ಮಂದಿ ನಂಬಿದ್ದಾರೆ. ರಬ್ಬರ್, ಪ್ಲಾಸ್ಟಿಕ್‌ನಂಥ ಪಾಲಿಮರ್‌ಗಳ ಲೋಕದಲ್ಲಿ ಆ ನಂಬಿಕೆ ನಿಲ್ಲುವುದಿಲ್ಲ. ಘರ್ಷಣೆಯ ಲೆಕ್ಕವೇ ಬೇರೆ, ಸವೆತದ ಲೆಕ್ಕವೇ ಬೇರೆ. ಇವೆರಡನ್ನು ಒಂದೇ ಎಂದುಕೊಂಡು ಬಿಡಿಭಾಗ ಕೊಳ್ಳುವವರು ದುಡ್ಡು ಕಳೆದುಕೊಳ್ಳುತ್ತಾರೆ.

ಭತ್ತದ ಹೊಟ್ಟು ನೋಡಲು ಹಗುರ, ಒಳಗೆ ಮರಳಿನ ವಂಶ. ಹೊಟ್ಟನ್ನು ಸುಟ್ಟರೆ ಅದರ ತೂಕದ ಐದನೇ ಒಂದರಷ್ಟು ಬೂದಿ ಉಳಿಯುತ್ತದೆ. ಆ ಬೂದಿಯ ಬಹುಪಾಲು, ನೂರಕ್ಕೆ 85ಕ್ಕೂ ಹೆಚ್ಚು, ಸಿಲಿಕಾ. ಭತ್ತದ ಬೇರು ನೀರಿನಲ್ಲಿ ಕರಗಿದ ಸಿಲಿಕಾವನ್ನು ಹೀರಿ ಸಿಪ್ಪೆಯ ಹೊರಮೈಯಲ್ಲಿ ದಟ್ಟವಾಗಿ ಕೂಡಿಸಿಡುತ್ತದೆ. ಹೀಗಾಗಿ ರೋಲಿನ ಮೇಲೆ ಹಾಯುವ ಪ್ರತಿ ಕಾಳೂ ಒಂದು ಸಣ್ಣ ಉಜ್ಜುಗಲ್ಲು. ಇದರ ಮೇಲೆ ರಸ್ತೆಯ ದೂಳು ಸೇರುತ್ತದೆ. ಕಟಾವಿನ ಕಾಲದಲ್ಲಿ ಸಿರುಗುಪ್ಪ ತಾಲ್ಲೂಕಿನ ರಸ್ತೆಗಳ ಅರ್ಧ ಅಗಲಕ್ಕೆ ಭತ್ತ ಹರವಿರುತ್ತದೆ. ಕಣ ಇಲ್ಲದ ರೈತ ಇನ್ನೆಲ್ಲಿ ಒಣಗಿಸಬೇಕು? ಆದರೆ ಟಾರು ರಸ್ತೆಯಿಂದ ಬಾಚಿ ತುಂಬಿದ ಚೀಲದಲ್ಲಿ ಕಾಳಿನ ಜೊತೆ ಗರುಸಿನ ಪುಡಿಯೂ ಬರುತ್ತದೆ. ಜರಡಿ ದೊಡ್ಡ ಕಲ್ಲನ್ನು ತಡೆಯುತ್ತದೆ. ಕಾಳಿಗೆ ಅಂಟಿದ ನುಣ್ಣನೆ ದೂಳನ್ನು ಪೂರ್ತಿ ತಡೆಯಲಾರದು. "ರೋಡಿನ ಮ್ಯಾಲೆ ಒಣಗಿಸಿದ ನೆಲ್ಲು ಬಂತಂದ್ರೆ ಗೊತ್ತಾಗ್ತೈತಿ ಸಾರ್, ರೋಲು ಲಗೂನ ಇಳೀತೈತಿ" ಎಂದು ಅಲ್ಲಿನ ಆಪರೇಟರೊಬ್ಬರು ಹೇಳಿದರು. ಸವೆತದ ಬಗ್ಗೆ ಇದಕ್ಕಿಂತ ನೇರವಾದ ವರದಿ ನನಗೆ ಬೇಕಿರಲಿಲ್ಲ.

ಬಿಚ್ಚಿಟ್ಟ ಹಳೆಯ ರೋಲಿನ ಮೇಲೆ ಕೈಯಾಡಿಸಿ ನೋಡಬೇಕು. ಮೈ ನಯವಾಗಿರುತ್ತದೆ ಎಂದುಕೊಂಡರೆ ಹಾಗಿಲ್ಲ. ಅಕ್ಷದ ಉದ್ದಕ್ಕೆ, ಅಂದರೆ ಜಾರುವ ದಿಕ್ಕಿಗೆ ಅಡ್ಡಲಾಗಿ, ಸಣ್ಣ ಸಣ್ಣ ಏಣುಗಳು ಬೆರಳಿಗೆ ತಾಗುತ್ತವೆ. ಒಂದು ದಿಕ್ಕಿಗೆ ಸವರಿದರೆ ಮೆತ್ತಗೆ, ತಿರುಗಿಸಿ ಸವರಿದರೆ ಗರಗರ. ಅಡಾಲ್ಫ್ ಶಾಲಮಾಖ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಈ ಗೆರೆಗಳನ್ನು ಕೂಲಂಕಷವಾಗಿ ಅಧ್ಯಯನ ಮಾಡಿದರು. ರಬ್ಬರ್ ವಿಜ್ಞಾನದಲ್ಲಿ ಅವಕ್ಕೆ ಅವರದೇ ಹೆಸರಿದೆ. ರಬ್ಬರ್ ಲೋಹದಂತೆ ಕೆರೆದುಹೋಗುವುದಿಲ್ಲ. ಗಟ್ಟಿ ಕಣ ತಗುಲಿದಾಗ ತಗ್ಗುತ್ತದೆ, ಹಿಂದಕ್ಕೆ ಜಗ್ಗಿಸಿಕೊಳ್ಳುತ್ತದೆ, ಕಣ ದಾಟಿದ ಮೇಲೆ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಹೀಗೆ ಸಾವಿರಾರು ಸಲ ಜಗ್ಗಿ ಬಿಟ್ಟು ಜಗ್ಗಿ ಬಿಟ್ಟು ಏಣಿನ ಬುಡದಲ್ಲಿ ಬಿರುಕು ಹುಟ್ಟುತ್ತದೆ, ಕೊನೆಗೆ ನಾಲಗೆಯಂಥ ತುಣುಕು ಹರಿದು ಬೀಳುತ್ತದೆ. ಉಕ್ಕಿಗಿಂತ ಎಷ್ಟೋ ಮೆತ್ತಗಿದ್ದೂ ರಬ್ಬರ್ ಕಾಳಿನ ಏಟನ್ನು ಇಷ್ಟು ಕಾಲ ತಾಳಿಕೊಳ್ಳುವುದು ಈ ಮಣಿಯುವ ಗುಣದಿಂದಲೇ. ಹಿಂದಿನ ಉಕ್ಕಿನ ಹಲ್ಲರ್‌ಗಳಲ್ಲಿ ಕಾಳು ನುಚ್ಚಾಗುತ್ತಿದ್ದದ್ದೂ, ಇಂದಿನ ರೋಲಿನಲ್ಲಿ ಇಡೀ ಅಕ್ಕಿ ಬರುವುದೂ ಇದೇ ಕಾರಣಕ್ಕೆ.

ಆಪರೇಟರನ ಜಾಣ್ಮೆ ಕಾಣುವುದು ರೋಲು ಅದಲುಬದಲು ಮಾಡುವಾಗ. ವೇಗದ ರೋಲು ಬೇಗ ಸವೆಯುತ್ತದೆ. ಸವೆದಂತೆ ಅದರ ಸುತ್ತಳತೆ ಕುಗ್ಗಿ, ಮೈಯ ವೇಗ ಇಳಿದು, ಎರಡು ರೋಲುಗಳ ನಡುವಿನ ವೇಗದ ಅಂತರವೇ ಕರಗುತ್ತದೆ. ಜಗ್ಗಾಟ ಸಡಿಲಾಗಿ ಕಾಳು ಸುಲಿಯದೆ ಉಳಿಯುತ್ತದೆ. ಅನನುಭವಿ ಆಗ ಒತ್ತಡ ಏರಿಸುತ್ತಾನೆ. ರಬ್ಬರ್ ಕಾಯುತ್ತದೆ, ಕಾದ ರಬ್ಬರ್ ಮೆತ್ತಗಾಗಿ ಇನ್ನೂ ಬೇಗ ಹರಿಯುತ್ತದೆ, ನುಚ್ಚೂ ಹೆಚ್ಚುತ್ತದೆ. ಅನುಭವಿ ಮಿಷನ್ ನಿಲ್ಲಿಸಿ, ದಪ್ಪ ಉಳಿದಿರುವ ನಿಧಾನದ ರೋಲನ್ನು ವೇಗದ ಶಾಫ್ಟಿಗೂ ಸವೆದದ್ದನ್ನು ನಿಧಾನದ ಶಾಫ್ಟಿಗೂ ಹಾಕುತ್ತಾನೆ. ಕಾಳು ರೋಲಿನ ಪೂರ್ತಿ ಅಗಲಕ್ಕೆ ಸಮನಾಗಿ ಬೀಳುತ್ತಿದೆಯೇ ಎಂದು ನೋಡುತ್ತಾನೆ. ನಡುವೆ ಮಾತ್ರ ಬಿದ್ದರೆ ನಡು ತಗ್ಗಿ, ಅಂಚು ಉಬ್ಬಿ ಇಡೀ ಜೋಡಿ ಹಾಳು. ರೋಲಿಗೆ ಗಾಳಿ ಊದುವ ಬ್ಲೋವರ್ ಕೆಟ್ಟಿದ್ದರೆ ಅದನ್ನು ಮೊದಲು ರಿಪೇರಿ ಮಾಡಿಸುತ್ತಾನೆ. ದುಬಾರಿ ರಬ್ಬರ್ ತಂದು ಹಾಕಿಯೂ ಇಂಥ ಆಪರೇಟರ್ ಇಲ್ಲದ ಮಿಲ್ಲಿನಲ್ಲಿ ಆ ದುಡ್ಡು ಹೊಟ್ಟಿನ ಜೊತೆ ಹಾರಿಹೋಗುತ್ತದೆ. ಈ ಕೌಶಲಕ್ಕೆ ನಮ್ಮಲ್ಲಿ ಸಿಗಬೇಕಾದ ಬೆಲೆ, ಸಂಬಳದಲ್ಲಿ ಕೂಡ, ಸಿಕ್ಕಿಲ್ಲ ಎಂದು ನಾನು ಖಂಡಿತವಾಗಿ ನಂಬುತ್ತೇನೆ.

ಸವೆದ ರಬ್ಬರ್ ಎಲ್ಲಿಗೆ ಹೋಗುತ್ತದೆ? ಒಂದಷ್ಟು ಹೊಟ್ಟಿನ ಜೊತೆ ಬಾಯ್ಲರ್ ಸೇರಿ ಸುಡುತ್ತದೆ. ಒಂದಷ್ಟು ಕಾಳಿನ ಮೈಗೆ ಹತ್ತಿ, ಪಾಲಿಶ್ ಆಗುವಾಗ ತೌಡಿಗೆ ಬೀಳುತ್ತದೆ. ಇಂಗಾಲದ ಕಪ್ಪುಪುಡಿ ಬೆರೆಸಿದ ರಬ್ಬರ್ ಗಟ್ಟಿ, ಆದರೆ ಕಾಳಿಗೆ ಕಪ್ಪು ಹತ್ತಿಸಬಲ್ಲದು. ಅದಕ್ಕೇ ಸಿಲಿಕಾ ಪುಡಿ ಬೆರೆಸಿದ ಬಿಳಿ ರೋಲುಗಳು ಬಂದವು. ಬಣ್ಣ ಕಾಣದಿದ್ದರೆ ಕಣವೇ ಇಲ್ಲ ಎಂದಲ್ಲ. ರೋಲಿನ ಬಾಳಿಕೆ ಹೆಚ್ಚಿಸುವುದು ಮಾಲೀಕನ ಖರ್ಚಿನ ಮಾತಷ್ಟೇ ಆಗದೆ, ಉಣ್ಣುವವರ ಮಾತೂ ಆಗುವುದು ಈ ಕಾರಣಕ್ಕೆ.

ಈಗ ಜಾರುವ ಮೈಯ ಕಡೆ ಬರೋಣ. ಜಾರುವ ಪಾಲಿಮರ್ ಎಂದರೆ ಎಲ್ಲರ ಬಾಯಲ್ಲೂ ಟೆಫ್ಲಾನ್. 1938ರ ಏಪ್ರಿಲ್ 6ರಂದು ಅಮೆರಿಕದ ಡ್ಯುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಅವರಿಗೆ ಗ್ಯಾಸ್ ಸಿಲಿಂಡರಿನೊಳಗೆ ಆಕಸ್ಮಿಕವಾಗಿ ಸಿಕ್ಕ ಬಿಳಿ ಪುಡಿ ಅದು. ರಾಸಾಯನಿಕ ಹೆಸರಿನ ಮೊಟಕು ರೂಪ ಪಿಟಿಎಫ್‌ಇ. ಬಳ್ಳಾರಿ ನಗರದಲ್ಲಿ ಜೀನ್ಸ್ ಹೊಲಿಯುವವರಿಗೂ ಇದು ಪರಿಚಿತ: ಪ್ಯಾಂಟಿನ ಸೊಂಟದ ಹಿಂದೆ ಹಚ್ಚುವ ರೆಕ್ಸಿನ್ ಪಟ್ಟಿ ಮಾಮೂಲಿ ಉಕ್ಕಿನ ಪಾದಕ್ಕೆ ಅಂಟಿ ನಿಲ್ಲುತ್ತದೆ, ಟೆಫ್ಲಾನ್ ಫೂಟ್ ಹಾಕಿದರೆ ಸರ್ರನೆ ಸರಿಯುತ್ತದೆ. ಉಕ್ಕಿನ ಮೇಲೆ ಅದರ ಘರ್ಷಣಾ ಗುಣಾಂಕ 0.1ರ ಆಸುಪಾಸು, ಒಳ್ಳೆಯ ಸ್ಥಿತಿಯಲ್ಲಿ ಇನ್ನೂ ಕಡಿಮೆ. ಆದರೆ ಒತ್ತಡದಲ್ಲಿ ಜಾರಿಸುತ್ತ ಹೋದರೆ ಶುದ್ಧ ಟೆಫ್ಲಾನ್‌ನಷ್ಟು ಬೇಗ ಸವೆಯುವ ಎಂಜಿನಿಯರಿಂಗ್ ಪ್ಲಾಸ್ಟಿಕ್ ಇನ್ನೊಂದಿಲ್ಲವೆನ್ನಬಹುದು. ಅಣುಸರಪಣಿಗಳು ಒಂದರ ಮೇಲೊಂದು ಸಲೀಸಾಗಿ ಸರಿಯುವುದರಿಂದಲೇ ಅದು ಜಾರುತ್ತದೆ. ಸಲೀಸಾಗಿ ಸರಿಯುವುದರಿಂದಲೇ ಪದರ ಪದರವಾಗಿ ಕಳಚಿಯೂ ಹೋಗುತ್ತದೆ. ಬೆಂಗಳೂರಿನ ವಿಜ್ಞಾನಿಗಳಾದ ಎಸ್.ಕೆ. ಬಿಸ್ವಾಸ್ ಮತ್ತು ಕಲ್ಯಾಣಿ ವಿಜಯನ್ 1992ರಲ್ಲಿ 'ವೇರ್' ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಟೆಫ್ಲಾನ್‌ನ ಘರ್ಷಣೆ ಮತ್ತು ಸವೆತದ ಮೇಲೆ ಬರೆದ ಸಮೀಕ್ಷೆಯನ್ನು ಜಗತ್ತಿನ ಸಂಶೋಧಕರು ಇಂದಿಗೂ ಉಲ್ಲೇಖಿಸುತ್ತಾರೆ.

ಘರ್ಷಣೆಯನ್ನೇ ನಂಬಿ ಹೋದರೆ ಏನಾಗುತ್ತದೆ ಎಂಬುದಕ್ಕೆ ಮನಕಲಕುವ ಉದಾಹರಣೆ ಇಂಗ್ಲೆಂಡಿನದು. ಸೊಂಟದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯನ್ನು ರೂಪಿಸಿದ ಸರ್ಜನ್ ಜಾನ್ ಚಾರ್ನ್ಲಿ, 1950ರ ದಶಕದ ಕೊನೆಯಲ್ಲಿ ಕೀಲಿನ ಬಟ್ಟಲನ್ನು ಟೆಫ್ಲಾನ್‌ನಲ್ಲಿ ಮಾಡಿಸಿದರು. ಅಷ್ಟು ನುಣುಪಾಗಿ ಜಾರುವ ವಸ್ತು ಬೇರೆ ಯಾವುದಿತ್ತು? ಸುಮಾರು 300 ರೋಗಿಗಳಿಗೆ ಅದನ್ನು ಕೂಡಿಸಲಾಯಿತು. ಮೊದಲು ನೋವು ಹೋಗಿ ನಡೆದಾಡಿದರು. ಎರಡು ಮೂರು ವರ್ಷಗಳಲ್ಲಿ ಉಕ್ಕಿನ ಗುಂಡು ಬಟ್ಟಲನ್ನು ಕೊರೆದು ಒಳಗಿಳಿದಿತ್ತು. ಸವೆದ ಪುಡಿಗೆ ಸುತ್ತಲ ಮಾಂಸ ಕೆರಳಿ ಊದಿಕೊಂಡಿತ್ತು. ಚಾರ್ನ್ಲಿ ಎದೆಗುಂದಲಿಲ್ಲ. ಟೆಫ್ಲಾನ್‌ನ ತುಣುಕನ್ನು ತಮ್ಮ ತೊಡೆಗೇ ಸೇರಿಸಿಕೊಂಡು ದೇಹದ ಪ್ರತಿಕ್ರಿಯೆ ಪರೀಕ್ಷಿಸಿದರು. 1962ರ ನವೆಂಬರಿನಲ್ಲಿ ಅತಿ ದೀರ್ಘ ಅಣುಸರಪಣಿಯ ಪಾಲಿಥೀನ್‌ಗೆ ಬದಲಾಯಿಸಿದರು. ಟೆಫ್ಲಾನ್‌ಗಿಂತ ಹೆಚ್ಚು ಘರ್ಷಣೆಯಿರುವ ವಸ್ತು ಅದು. ಬಾಳಿಕೆಯಲ್ಲಿ ಮಾತ್ರ ಟೆಫ್ಲಾನ್ ಅದರ ಹತ್ತಿರವೂ ಸುಳಿಯಲಿಲ್ಲ. ಇಂದು ನಮ್ಮೂರ ಹಿರಿಯರ ಬದಲಿ ಮೊಣಕಾಲುಗಳಲ್ಲಿ ಕೂತಿರುವ ಪ್ಲಾಸ್ಟಿಕ್ ತುಂಡು ಅದೇ ಕುಲದ್ದು.

ಹಾಗಾದರೆ ಟೆಫ್ಲಾನ್ ಕೆಲಸಕ್ಕೆ ಬಾರದ್ದೇ? ಇಲ್ಲ. ಗಾಜಿನ ಎಳೆ, ಕಂಚಿನ ಪುಡಿ, ಗ್ರಾಫೈಟ್ ಬೆರೆಸಿದರೆ ಅದರ ಸವೆತ ನೂರು ಪಟ್ಟು, ಕೆಲವು ಮಿಶ್ರಣಗಳಲ್ಲಿ ಸಾವಿರ ಪಟ್ಟು ಇಳಿಯುತ್ತದೆ. ಪೀಕ್‌ನಂಥ, 343 ಡಿಗ್ರಿಯವರೆಗೆ ಕರಗದ ದುಬಾರಿ ಪಾಲಿಮರ್ ಲೇಪನಗಳಿಗೆ ಟೆಫ್ಲಾನನ್ನೇ ಜಾರುಪುಡಿಯಾಗಿ ಸೇರಿಸುತ್ತಾರೆ. ಇವುಗಳ ಗುಟ್ಟು ಎದುರಿನ ಲೋಹದ ಮೇಲೆ ಕೂರುವ ತೆಳು ಪೊರೆಯಲ್ಲಿದೆ. ಮಣ್ಣಿನ ನೆಲಕ್ಕೆ ಸಗಣಿ ಸಾರಿಸಿದಂತೆ, ಪಾಲಿಮರ್ ಮೊದಲು ಸ್ವಲ್ಪ ಸವೆದು ಉಕ್ಕಿನ ಒರಟು ಮೈಯನ್ನು ತಾನೇ ಸಾರಿಸಿಕೊಳ್ಳುತ್ತದೆ. ಆಮೇಲೆ ತನ್ನದೇ ಪೊರೆಯ ಮೇಲೆ ತಾನು ಜಾರುತ್ತದೆ. ಪೊರೆ ನಿಂತರೆ ಬಾಳಿಕೆ, ಪೊರೆ ಕಿತ್ತರೆ ಸವೆತ.

ಬಳ್ಳಾರಿಯಲ್ಲಿ ಲೆಕ್ಕ ತಪ್ಪುವುದು ಇಲ್ಲಿಯೇ. ದೂಳು ನಡುವೆ ಬಂದರೆ ಪೊರೆ ಕೂರುವುದೇ ಇಲ್ಲ. ನೀರು ಬಂದರೂ ಅದು ಸರಿಯಾಗಿ ಹಿಡಿಯುವುದಿಲ್ಲ. ಇನ್ನೂ ಒಂದು ತೊಡಕಿದೆ. ಬ್ರಿಟನ್ನಿನ ಜೆ.ಕೆ. ಲ್ಯಾಂಕಾಸ್ಟರ್ ಮೊದಲಾದವರು ತೋರಿಸಿದಂತೆ, ಗಟ್ಟಿ ಕಣಗಳ ಉಜ್ಜಾಟದಲ್ಲಿ ಪಾಲಿಮರ್‌ನ ಬಾಳಿಕೆ ಎರಡು ಗುಣಗಳ ಗುಣಾಕಾರವನ್ನು ಅವಲಂಬಿಸಿದೆ: ಹರಿಯುವ ಮುನ್ನ ಎಷ್ಟು ಬಲ ತಾಳುತ್ತದೆ, ಎಷ್ಟು ಉದ್ದ ಜಗ್ಗುತ್ತದೆ. ಗಾಜಿನ ಎಳೆ ಬೆರೆಸಿದರೆ ಬಲ ಹೆಚ್ಚುತ್ತದೆ, ಜಗ್ಗುವ ಗುಣ ಕುಸಿದುಬೀಳುತ್ತದೆ. ಹಾಗಾಗಿ ಶುದ್ಧವಾದ ನುಣುಪು ಉಕ್ಕಿನ ಮೇಲೆ ಗೆದ್ದ ಮಿಶ್ರಣ, ಅದಿರಿನ ದೂಳಿನಲ್ಲಿ ಬೆರಕೆಯಿಲ್ಲದ ಸಾದಾ ಪಾಲಿಮರ್‌ಗಿಂತ ಬೇಗ ಸೋಲಬಹುದು. ಕ್ಯಾಟಲಾಗಿನಲ್ಲಿ ಹೆಚ್ಚಾಗಿ ಇರುವುದು ತಿರುಗುವ ತಟ್ಟೆಯ ಮೇಲೆ ಸಣ್ಣ ಕಡ್ಡಿ ಒತ್ತಿ ನೋಡುವ 'ಪಿನ್ ಆನ್ ಡಿಸ್ಕ್' ಪರೀಕ್ಷೆಯ ಅಂಕಿ. ಈ ಪರೀಕ್ಷಾ ಯಂತ್ರಗಳನ್ನು ಬೆಂಗಳೂರಿನ ಡ್ಯುಕಾಮ್ ಕಂಪನಿಯೇ ತಯಾರಿಸಿ ಹೊರದೇಶಗಳಿಗೂ ಕಳಿಸುತ್ತದೆ. ಒಣ ಮರಳು ಸುರಿಯುತ್ತ ರಬ್ಬರ್ ಚಕ್ರದಿಂದ ಉಜ್ಜುವ ಬೇರೊಂದು ಪರೀಕ್ಷೆಯೂ ಇದೆ. ನಮ್ಮ ಕಡೆಯವರು ಕೇಳಬೇಕಾದ ಅಂಕಿ ಎರಡನೆಯದು.

ಕುರುಗೋಡಿನಂಥ ಊರಿನ ಲೇತ್ ಅಂಗಡಿಯಲ್ಲಿ ಈ ಪಾಠ ದಿನಾ ನಡೆಯುತ್ತದೆ. ಗದ್ದೆಯ ಕೆಸರಲ್ಲಿ ಓಡಾಡಿ ಬಂದ ಯಂತ್ರಗಳಿಗೆ ಕಂಚಿನ ಬುಷ್ ಬದಲು ನೈಲಾನ್ ರಾಡು ಕಡಿದು ಬುಷ್ ಮಾಡಿಕೊಡುವುದು ರೂಢಿ. ಅಗ್ಗ, ಹಗುರ, ಕೀಲೆಣ್ಣೆಯ ಹಂಗು ಕಡಿಮೆ. ಕೆಲವು ತಿಂಗಳ ಮೇಲೆ ಬಿಚ್ಚಿದಾಗ ನೈಲಾನ್ ಬುಷ್ ಹೆಚ್ಚು ಕಡಿಮೆ ಹಾಗೇ ಇರುತ್ತದೆ, ಉಕ್ಕಿನ ಶಾಫ್ಟಿನಲ್ಲಿ ಮಾತ್ರ ಉಗುರು ಇಳಿಯುವಷ್ಟು ಗೀರು ಬಿದ್ದಿರುತ್ತದೆ. ಮೆತ್ತನೆಯದು ಉಳಿದು ಗಟ್ಟಿಯದು ಸವೆದದ್ದು ಹೇಗೆ? ಕೆಸರಿನ ಮರಳುಕಣ ನೈಲಾನಿನ ಮೈಯಲ್ಲಿ ಹೂತು ಕೂರುತ್ತದೆ. ಕೂತಮೇಲೆ ಬುಷ್ಷಿನ ಒಳಮೈ ಉಪ್ಪುಕಾಗದವಾಗಿ ಶಾಫ್ಟನ್ನೇ ಉಜ್ಜತೊಡಗುತ್ತದೆ. ಇದರ ಜೊತೆ ನೈಲಾನ್ ನೀರು ಕುಡಿದು ಉಬ್ಬುವ ವಸ್ತು. ಅಳತೆಗೆ ಸರಿಯಾಗಿ ಕೊರೆದ ರಂಧ್ರ ಗದ್ದೆಗಿಳಿದ ಮೇಲೆ ಕಿರಿದಾಗಿ ಶಾಫ್ಟನ್ನು ಕಚ್ಚುತ್ತದೆ. ಅನುಭವಸ್ಥ ಲೇತ್ ಕೆಲಸಗಾರ ಕಂಚಿಗಿಂತ ಹೆಚ್ಚು ಸಡಿಲ ಬಿಟ್ಟೇ ಕೊರೆಯುತ್ತಾನೆ, ಎರಡೂ ತುದಿಗೆ ದೂಳು ತಡೆಯುವ ಸೀಲು ಹಾಕಿಸಿಕೊಳ್ಳಿ ಎನ್ನುತ್ತಾನೆ. ಗಿರಾಕಿ ಸಾಮಾನ್ಯವಾಗಿ ಸೀಲಿನ ದುಡ್ಡು ಉಳಿಸುತ್ತಾನೆ. ಮುಂದಿನ ಹಂಗಾಮಿಗೆ ಶಾಫ್ಟಿನ ದುಡ್ಡು ಕೊಡುತ್ತಾನೆ.

ಅದಿರು ಮತ್ತು ಕಲ್ಲಿದ್ದಲು ಇಳಿಯುವ ಚೂಟ್, ಬಂಕರ್‌ಗಳ ಕಥೆ ದೊಡ್ಡ ಪ್ರಮಾಣದ್ದು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕುರುಗೋಡಿಗೆ ನೆರೆಯ ಕುಡತಿನಿಯ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಇರುವ ಸೀಮೆ ಇದು. ಮಳೆಗಾಲದಲ್ಲಿ ತೊಯ್ದ ಪುಡಿ ಅದಿರು ಉಕ್ಕಿನ ಗೋಡೆಗೆ ಮೆತ್ತಿ ನಿಲ್ಲುವುದು ಇಂಥ ಸ್ಥಾವರಗಳಲ್ಲೆಲ್ಲ ಇರುವ ತಲೆನೋವು. ಒಳಗೋಡೆಗೆ ಹೊದಿಸಲು ಬಳಸುವ ಹಾಳೆಗಳಲ್ಲಿ ಒಂದು, ಚಾರ್ನ್ಲಿ ಸೊಂಟಕ್ಕೆ ಕೂಡಿಸಿದ ಅದೇ ಜಾತಿಯ ಪಾಲಿಥೀನ್. ಇದರ ಅಣುತೂಕ 30 ಲಕ್ಷದಿಂದ 60 ಲಕ್ಷ. ನೀಲಿ ಡ್ರಮ್ಮಿನ ಪಾಲಿಥೀನ್‌ನದು ಕೆಲವು ಲಕ್ಷ ಮಾತ್ರ. ಆ ಉದ್ದನೆ ಸರಪಣಿಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಕಣ ಕೆರೆದರೂ ತುಂಡು ಸುಲಭವಾಗಿ ಎದ್ದುಬರುವುದಿಲ್ಲ, ಒದ್ದೆ ಪುಡಿಯೂ ಅಂಟುವುದಿಲ್ಲ. ಆದರೆ ಬಳ್ಳಾರಿಯ ಬಿಸಿಲನ್ನು ಮರೆತು ಹಾಳೆ ಜೋಡಿಸಿದವರು ಕೆಟ್ಟರು. ಪಾಲಿಥೀನ್ ಉಕ್ಕಿಗಿಂತ ಹತ್ತು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಎರಡು ಮೀಟರ್ ಉದ್ದದ ಹಾಳೆ 40 ಡಿಗ್ರಿಯ ಏರಿಳಿತಕ್ಕೆ ಒಂದು ಸೆಂಟಿಮೀಟರ್ ಮೀರಿ ಬೆಳೆಯುತ್ತದೆ. ಬೋಲ್ಟುಗಳ ನಡುವೆ ಉಬ್ಬಿ ನಿಂತ ಜಾಗಕ್ಕೆ ಅದಿರು ನೇರವಾಗಿ ಬಡಿದು ಅಲ್ಲೇ ತೂತು. 80 ಡಿಗ್ರಿ ಮೀರಿದರೆ ಅದು ಮೆತ್ತಗಾಗುತ್ತದೆ. ಮೇಲಿನಿಂದ ದೊಡ್ಡ ಕಲ್ಲು ನೆಟ್ಟಗೆ ಬೀಳುವ ಜಾಗಕ್ಕಂತೂ ಸಲ್ಲದು, ಅಲ್ಲಿ ರಬ್ಬರ್ ಅಥವಾ ಸೆರಾಮಿಕ್ಕೇ ಸರಿ. ಒಂದೇ ಚೂಟಿನಲ್ಲಿ ಮೂರು ಜಾಗಕ್ಕೆ ಮೂರು ವಸ್ತು ಬೇಕಾಗಬಹುದು.

ಸಿರುಗುಪ್ಪದ ಭತ್ತ ಬೆಳೆಯುವ ನೀರೇ ಇಂಥದ್ದೊಂದು ಜಾರುವ ಮೈಯ ಹಿಂದೆ ನಿಂತಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋದಾಗ ಈ ಭಾಗದ ರೈತರು ನಿದ್ದೆಗೆಟ್ಟದ್ದು ಎಲ್ಲರಿಗೂ ನೆನಪಿದೆ. ಅಣೆಕಟ್ಟಿನ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಗಳನ್ನು ಇಳಿಸಿ, ಸುಮಾರು ಒಂದು ವಾರದಲ್ಲಿ ಬಾಯಿ ಮುಚ್ಚಿದರು. ಆ ಅವಘಡಕ್ಕೆ ಪಾಲಿಮರ್ ಕಾರಣವಲ್ಲ. ಆದರೆ ಗೇಟೆಂಬುದು ಎಂಥ ಹೊರೆಯಲ್ಲಿ ಸರಿಯಬೇಕು ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. 60 ಅಡಿ ಅಗಲ, 20 ಅಡಿ ಎತ್ತರದ ಗೇಟಿನ ನೆತ್ತಿಯವರೆಗೆ ನೀರು ನಿಂತರೆ ಅದರ ಮೇಲಿನ ಒತ್ತು ಸುಮಾರು 340 ಟನ್. ಅಷ್ಟೂ ಒತ್ತು 0.5ರ ಘರ್ಷಣೆಯಿರುವ ಮೈಯ ಮೇಲೆ ಬಿದ್ದರೆ, ಗೇಟಿನ ಸ್ವಂತ ತೂಕದ ಜೊತೆಗೆ ಇನ್ನೂ 170 ಟನ್ ಎಳೆಯಬೇಕಾಗುತ್ತದೆ, 0.15 ಇದ್ದರೆ 51 ಟನ್. ಅದಕ್ಕೇ ಇಷ್ಟು ದೊಡ್ಡ ಗೇಟುಗಳನ್ನು ಸಾಮಾನ್ಯವಾಗಿ ಚಕ್ರಗಳ ಮೇಲೆ ನಿಲ್ಲಿಸುತ್ತಾರೆ. ಅಂಚಿನ ಸೀಲು ಮಾತ್ರ ಜಾರಲೇಬೇಕು. ಭಾರತೀಯ ಮಾನಕದ ವಿನ್ಯಾಸ ಲೆಕ್ಕದಲ್ಲಿ ಉಕ್ಕಿನ ಮೇಲೆ ಬರಿಯ ರಬ್ಬರ್ ಸೀಲು ಚಲಿಸತೊಡಗುವಾಗ ಗುಣಾಂಕ 1.5 ಎಂದು ಹಿಡಿದರೆ, ಟೆಫ್ಲಾನ್ ಜಾತಿಯ ಹೊದಿಕೆಗೆ 0.2. ಕಾಗದದ ಮೇಲೆ ಇದು ಭಾರಿ ಗೆಲುವು. ಆದರೆ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ 105.788ಕ್ಕೆ ಇಳಿಯುವಷ್ಟು ಹೂಳು ತಂದ ನದಿ ಇದು. ನೀರಿನಲ್ಲಿ ಪೊರೆ ಕೂರದು, ನೀರಿನ ಜೊತೆ ಬರುವ ನುಣ್ಣನೆ ಮರಳು ಹೊದಿಕೆಯನ್ನು ಉಜ್ಜುತ್ತದೆ. ಹೊದಿಕೆ ಸವೆದು ಒಳಗಿನ ರಬ್ಬರ್ ಹೊರಬಿದ್ದ ದಿನ 0.2 ಇದ್ದದ್ದು 1.5ರತ್ತ ಏರುತ್ತದೆ, ಆ ಹೆಚ್ಚುವರಿ ಭಾರ ಎತ್ತುವ ಚೈನಿಗೆ ಬೀಳುತ್ತದೆ. ಗೇಟು ಹೊಸದಾಗಿ ಹಾಕಿದರೂ ಅಂಚಿನ ಸೀಲನ್ನು ವರ್ಷವರ್ಷ ಮುಟ್ಟಿ ನೋಡುವವರು ಬೇಕು.

ಟೆಫ್ಲಾನ್‌ನಂಥ ಫ್ಲೋರಿನ್ ಪಾಲಿಮರ್‌ಗಳ ಮೇಲೆ ಈಗ ಇನ್ನೊಂದು ಒತ್ತಡವೂ ಇದೆ. ಅವುಗಳ ತಯಾರಿಕೆಯಲ್ಲಿ ಬಳಸುತ್ತಿದ್ದ, ಮಣ್ಣು ನೀರಿನಲ್ಲಿ ಅಳಿಯದೆ ಉಳಿಯುವ ಪಿಎಫ್‌ಒಎ ಎಂಬ ರಾಸಾಯನಿಕವನ್ನು 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಿತ ಪಟ್ಟಿಗೆ ಸೇರಿಸಲಾಯಿತು. ಅಗತ್ಯವಿಲ್ಲದ ಕಡೆ ಟೆಫ್ಲಾನ್ ಬೇಡ ಎನ್ನಲು ಇದೂ ಒಂದು ಕಾರಣ.

ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ, ಸುತ್ತ ಮಿಲ್ಲುಗಳಿವೆ. ಈ ಮೂರೂ ಕೂಡಿದರೆ ಮಾಡಬಹುದಾದ ಕೆಲಸ ದೊಡ್ಡ ಪ್ರಯೋಗಾಲಯವನ್ನು ಬೇಡುವುದಿಲ್ಲ. ಪ್ರತಿ ಜೋಡಿ ರೋಲು ಎಷ್ಟು ಟನ್ ಭತ್ತ ಸುಲಿದು ಸತ್ತಿತು, ಆ ಭತ್ತ ಕಣದ್ದೋ ರಸ್ತೆಯದ್ದೋ, ತೇವಾಂಶ ಎಷ್ಟಿತ್ತು, ರೋಲಿನ ಹೊಸ ತೂಕ ಎಷ್ಟು, ಬಿಚ್ಚಿದ ದಿನದ ತೂಕ ಎಷ್ಟು ಎಂದು ಒಂದು ಹಂಗಾಮು ಪೂರ್ತಿ ಬರೆದಿಟ್ಟರೆ ಸಾಕು. ತೂಕದ ಅಂತರವನ್ನು ಟನ್ನಿನಿಂದ ಭಾಗಿಸಿದರೆ ಸಿಗುವುದೇ ನಮ್ಮ ಭತ್ತಕ್ಕೆ, ನಮ್ಮ ದೂಳಿಗೆ ಹೊಂದಿದ ಸವೆತದ ಅಂಕಿ. ಅದು ಕೈಯಲ್ಲಿದ್ದರೆ, ಮುಂದಿನ ಸಲ ಹೊಸ ರಬ್ಬರಿನ ಮಾದರಿ ಹಿಡಿದು ಬಂದ ಮಾರಾಟಗಾರನ ಮುಂದೆ ಮಿಲ್ಲಿನ ಮಾಲೀಕ ಆ ಅಂಕಿಯನ್ನಿಟ್ಟು, ಟನ್ನಿಗೆ ಎಷ್ಟು ಗ್ರಾಂ ಉಳಿಸಿಕೊಡುತ್ತೀಯಪ್ಪ ಎಂದು ಕೇಳಬಹುದು.